ದೃಶ್ಯಮುದ್ರಣಯಂತ್ರಗಳ ದೋಷಪರೀಕ್ಷೆ: ಒಂದು ಐತಿಹಾಸಿಕ ವಿಚಾರ

ಶಾಸನಗಳು, ಓಲೆಯ ಪ್ರತಿಗಳು, ನಾಣ್ಯಗಳು ಇವುಗಳ ವಿಚಾರವು ಪ್ರಕಟವಾಗತಕ್ಕ ಈ ಪತ್ರಿಕೆಯಲ್ಲಿ ವಿಡಿಯೋ ಕ್ಯಾಮೆರಾ, ಟೇಪು, ಸಂಕಲನಯಂತ್ರ ಮೊದಲಾದವುಗಳ ಕೆಡುಕನ್ನು ಕುರಿತು ಬರೆಯುವುದು ಅಪ್ರಸ್ತುತವೆಂದು ಕೆಲವರು ವಾಚಕರಿಗೆ ತೋರಬಹುದು. ಸಂಸ್ಕೃತಪಾಠಶಾಲೆಯಲ್ಲಿ ತರ್ಕವ್ಯಾಕರಣಗಳನ್ನು ಓದಿದವನಿಗೆ ಈ ವಿಷಯದಲ್ಲಿ ಅಧಿಕಾರವೆಲ್ಲಿಯದು ಎಂಬ ಆಕ್ಷೇಪವೂ ನ್ಯಾಯವಾದುದೇ. ಇದಕ್ಕೆ ಸಮಾಧಾನವೇನೆಂದರೆ, ಕಳೆದ ಎಪ್ಪತ್ತು ವರ್ಷಗಳ ಚರಿತ್ರೆಗೆ ಆಧಾರವಾದ ಸಾಮಗ್ರಿಯಲ್ಲಿ ದೊಡ್ಡದೊಂದು ಭಾಗವು ಕಾಗದದ ಮೇಲಿಲ್ಲ. ಕಬ್ಬಿಣದ ಭಸ್ಮವನ್ನು ಬಳಿದ ಪ್ಲಾಸ್ಟಿಕ್ಕಿನ ಪಟ್ಟಿಯ ಮೇಲಿದೆ. ಓಲೆಯನ್ನು ಲಿಪಿಜ್ಞನು ಕಣ್ಣಿನಿಂದಲೇ ಓದಬಲ್ಲನು. ಈ ಪಟ್ಟಿಯನ್ನಾದರೋ ಎಂತಹ ಪಂಡಿತನೂ ಯಂತ್ರವಿಲ್ಲದೆ ಓದಲಾರನು. ಯಂತ್ರವು ಕೆಟ್ಟಿತೆಂದರೆ ಗ್ರಂಥವು ಮೂಕವಾಯಿತು. ಆದುದರಿಂದ ಈ ಯಂತ್ರಗಳು ಹೇಗೆ ಕೆಡುತ್ತಿದ್ದುವು, ಕೆಟ್ಟುದರ ಕಾರಣವನ್ನು ಹಿಂದಿನವರು ಹೇಗೆ ನಿರ್ಣಯಿಸುತ್ತಿದ್ದರು ಎಂಬುದು ಲಿಪಿಶಾಸ್ತ್ರದ ಒಂದು ಶಾಖೆಯೆಂದೇ ನಮ್ಮ ಅಭಿಪ್ರಾಯವಾಗಿದೆ.

ನಮ್ಮನ್ನು ಈ ವಿಚಾರಕ್ಕೆ ಎಳೆದುದು ಒಂದು ಸ್ವಂತ ಕಾರಣವೆಂಬುದನ್ನೂ ಮರೆಮಾಚಬೇಕಾಗಿಲ್ಲ. ೧೯೯೪ರಲ್ಲಿ ನಮ್ಮ ಗುರುಗಳು ನ್ಯಾಯಸಿದ್ಧಾಂತಮುಕ್ತಾವಳಿಯ ಅನುಮಾನಖಂಡವನ್ನು ಪಾಠಹೇಳುತ್ತಿದ್ದುದನ್ನು ಸಹಾಧ್ಯಾಯಿಗಳೊಬ್ಬರು ಎರವಲು ತಂದ ಕ್ಯಾಮೆರಾದಿಂದ ಮೂರು ವಿ.ಎಚ್.ಎಸ್. ಕ್ಯಾಸೆಟ್ಟುಗಳಲ್ಲಿ ತೆಗೆದಿದ್ದರು. ಗುರುಗಳು ತಮ್ಮ ವ್ಯಾಖ್ಯಾನವನ್ನು ಬರೆದಿಡಲಿಲ್ಲ. ಬರೆದಿಡಿರೆಂದು ಕೇಳಿದವರಿಗೆ ನಕ್ಕು ಸುಮ್ಮನಾಗುತ್ತಿದ್ದರು. ಅವರು ಕಾಲವಾದ ಮೇಲೆ ಆ ಪಾಠಕ್ರಮಕ್ಕೆ ಉಳಿದ ಸಾಕ್ಷಿಯು ಆ ಮೂರು ಕ್ಯಾಸೆಟ್ಟುಗಳು ಮಾತ್ರ. ಅವುಗಳ ಗತಿಯೇನಾಯಿತೆಂಬುದನ್ನು ಮುಂದೆ ಹೇಳುವೆವು.

ಶಬ್ದವನ್ನು ಟೇಪಿನ ಮೇಲೆ ಮುದ್ರಿಸುವ ವಿದ್ಯೆಯು ಜರ್ಮನಿಯಲ್ಲಿ ೧೯೩೦ರ ದಶಕದಲ್ಲಿಯೇ ಬಳಕೆಗೆ ಬಂದಿತ್ತು. ಆದರೆ ಕಿವಿಗೆ ಕೇಳತಕ್ಕ ಕಂಪನಗಳು ಸೆಕೆಂಡಿಗೆ ಹೆಚ್ಚೆಂದರೆ ಇಪ್ಪತ್ತು ಸಾವಿರ. ದೂರದರ್ಶನದ ಚಿತ್ರಕ್ಕಾದರೋ ನಲವತ್ತು ಲಕ್ಷದಷ್ಟು ಬೇಕು. ಇಷ್ಟನ್ನೂ ಹಿಡಿಯಬೇಕಾದರೆ ಟೇಪನ್ನು ಅತಿವೇಗದಿಂದ ಓಡಿಸುವುದೊಂದೇ ಉಪಾಯವೆಂದು ಮೊದಲಿನವರು ಭಾವಿಸಿದರು. ಅಮೆರಿಕದ ಪ್ರಸಿದ್ಧ ಗಾಯಕನಾದ ಬಿಂಗ್ ಕ್ರಾಸ್ಬಿಯ ಸಂಸ್ಥೆಯಲ್ಲಿ ಜಾನ್ ಮಲಿನ್ ಎಂಬಾತನು ೧೯೫೧ರಲ್ಲಿ ಹೀಗೆ ಮಾಡಿ ತೋರಿಸಿದ ಚಿತ್ರವು ಮಸುಕಾಗಿತ್ತು. ಇಂಗ್ಲೆಂಡಿನ ಬಿ.ಬಿ.ಸಿ.ಯವರು ‘ವೇರಾ’ ಎಂಬ ಯಂತ್ರವನ್ನು ಕಟ್ಟಿ ೧೯೫೮ರ ಏಪ್ರಿಲಿನಲ್ಲಿ ಜನರಿಗೆ ತೋರಿಸಿದರು. ಅದರಲ್ಲಿ ಟೇಪು ಸೆಕೆಂಡಿಗೆ ೨೦೦ ಅಂಗುಲದಂತೆ ಓಡುತ್ತಿತ್ತು. ಬಂಡಿಯ ಗಾಲಿಯಂತಹ ಸುರುಳಿಯಲ್ಲಿ ಹಿಡಿಸುತ್ತಿದ್ದುದು ಹದಿನೈದು ನಿಮಿಷದ ಕಾರ್ಯಕ್ರಮ. ಅಷ್ಟು ಹೊತ್ತಿಗೆ ಅಮೆರಿಕದ ಆಂಪೆಕ್ಸ್ ಸಂಸ್ಥೆಯ ಯಂತ್ರವು ಹೊರಬಂದು ಎರಡು ವರ್ಷಗಳಾಗಿದ್ದುವು. ವೇರಾ ಹುಟ್ಟುವಾಗಲೇ ಮುದಿಯಾಗಿತ್ತು.

ಆಂಪೆಕ್ಸಿನ ಚಾರ್ಲ್ಸ್ ಗಿನ್ಸ್‌ಬರ್ಗ್ ಮತ್ತು ಆತನ ಸಂಗಡಿಗರು (ಮುಂದೆ ಶಬ್ದವಿದ್ಯೆಯಲ್ಲಿ ಹೆಸರಾದ ರೇ ಡಾಲ್ಬಿಯು ಆಗ ಅವರಲ್ಲಿ ಚಿಕ್ಕವನು) ಹಿಡಿದ ದಾರಿಯೇ ಬೇರೆ. ಟೇಪನ್ನು ಓಡಿಸುವ ಬದಲು ಬರೆಯುವ ಲೇಖನಿಯನ್ನೇ ಓಡಿಸಬಾರದೇಕೆ ಎಂಬುದು ಅವರ ಯುಕ್ತಿ. ಎರಡು ಅಂಗುಲ ಅಗಲದ ಟೇಪು ಸೆಕೆಂಡಿಗೆ ೧೫ ಅಂಗುಲದಂತೆ ನಿಧಾನವಾಗಿ ಸಾಗುವುದು. ಅದಕ್ಕೆ ಅಡ್ಡಲಾಗಿ ನಾಲ್ಕು ಹೆಡ್ಡುಗಳುಳ್ಳ ಚಕ್ರವು ನಿಮಿಷಕ್ಕೆ ೧೪,೪೦೦ ಸುತ್ತಿನಂತೆ ತಿರುಗಿ, ಒಂದಾದ ಮೇಲೊಂದು ಅಡ್ಡಗೆರೆಗಳನ್ನು ಬರೆಯುವುದು. ೧೯೫೬ರ ಏಪ್ರಿಲ್ ೧೪ರಂದು ಶಿಕಾಗೋ ನಗರದಲ್ಲಿ ಪ್ರಸಾರಕರ ಸಭೆಯಲ್ಲಿ ಅಲ್ಲಿಯೇ ನಡೆದ ಭಾಷಣವನ್ನು ಮುದ್ರಿಸಿ ಆಗಲೇ ತೋರಿಸಿದಾಗ ಸಭಿಕರು ಒಂದು ಕ್ಷಣ ಸ್ತಬ್ಧರಾಗಿ ಆಮೇಲೆ ಹರ್ಷಧ್ವನಿ ಮಾಡಿದರಂತೆ. ಅದೇ ವರ್ಷದ ನವೆಂಬರ್ ೩೦ರಂದು ಸಿ.ಬಿ.ಎಸ್. ಸಂಸ್ಥೆಯವರು ನ್ಯೂಯಾರ್ಕಿನ ವಾರ್ತೆಯನ್ನು ಪಶ್ಚಿಮತೀರದಲ್ಲಿ ಮುದ್ರಿಸಿಕೊಂಡು ಮೂರು ಗಂಟೆ ತಡಮಾಡಿ ಪ್ರಸಾರ ಮಾಡಿದರು.

ನಮ್ಮ ವಿಚಾರವು ಇಲ್ಲಿಂದಲೇ ಆರಂಭವಾಗುತ್ತದೆ. ಏಕೆಂದರೆ ಆ ಮೊದಲ ಯಂತ್ರಗಳಿಗೆ ಒಂದು ವಿಚಿತ್ರವಾದ ದೋಷವಿತ್ತು: ಯಾವ ಹೆಡ್ಡುಗಳಿಂದ ಬರೆದಿತ್ತೋ ಅದೇ ಹೆಡ್ಡುಗಳಿಂದಲೇ ಟೇಪನ್ನು ಓದಬೇಕು. ಒಂದು ಚಕ್ರದ ನಾಲ್ಕು ಹೆಡ್ಡುಗಳ ನಡುವಣ ಕೋನವು ಮತ್ತೊಂದು ಚಕ್ರದಲ್ಲಿ ಕೂದಲೆಳೆಯಷ್ಟಾದರೂ ಬೇರೆಯಾಗಿರುತ್ತಿತ್ತು. ಅಷ್ಟರಿಂದಲೇ ಚಿತ್ರವು ಒಡೆದು ಪಟ್ಟಿ ಪಟ್ಟಿಯಾಗುತ್ತಿತ್ತು. ಆದಕಾರಣ ಟೇಪನ್ನು ಕಾಪಿಡಬೇಕಾದವರು ಹೆಡ್ಡಿನ ಚಕ್ರವನ್ನೂ ಅದರೊಡನೆ ಕಾಪಿಡಬೇಕಾಗುತ್ತಿತ್ತು. ಲೇಖಕನ ಕೈಯನ್ನು ಕತ್ತರಿಸಿ ಪುಸ್ತಕದೊಡನೆ ಕಟ್ಟಿಟ್ಟಂತೆ ಎಂದು ಯಾರಾದರೂ ನಗಬಹುದು. ಹಳೆಯ ಪ್ರತಿಗಳನ್ನು ಪರಿಷ್ಕರಿಸಿದವರು ನಗಲಾರರು. ಒಬ್ಬ ಲಿಪಿಕಾರನು ‘ವ’ಕಾರ ‘ಪ’ಕಾರಗಳನ್ನು ಒಂದೇ ಹಾಗೆ ಬರೆಯುವನೆಂದು ತಿಳಿದಮೇಲೆ ಆತನ ಪ್ರತಿಯು ಓದಲು ಬರುವುದು; ತಿಳಿಯುವವರೆಗೆ ಅದು ಅಶುದ್ಧಿಗಳ ರಾಶಿ. ಬರೆದವನ ತಪ್ಪನ್ನು ಓದುವವನೂ ಅನುಸರಿಸಬೇಕಾದ ಸಂದರ್ಭವೊಂದುಂಟು ಎಂಬ ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಕ್ರಮೇಣ ಯಂತ್ರಗಳೆಲ್ಲ ಒಂದೇ ಅಳತೆಗೆ ಬಂದುವು. ಆದರೂ ದೋಷಗಳು ಹೋಗಲಿಲ್ಲ, ಅವುಗಳಿಗೆ ಹೆಸರುಗಳು ಬಂದುವು. ಹೆಡ್ಡಿನ ಎದುರಿಗೆ ಟೇಪನ್ನು ಬಾಗಿಸಿ ಹಿಡಿಯುವ ಅಚ್ಚು ಒಂದಿಷ್ಟು ಹೆಚ್ಚಾಗಿ ಒತ್ತಿದರೆ ಚಿತ್ರದಲ್ಲಿಯ ನೆಟ್ಟನೆಯ ಗೆರೆಗಳು ಕಿಟಕಿಯ ಪಟ್ಟಿತಡಿಕೆಯಂತೆ ಓರೆಯಾಗಿ ತುಂಡಾಗುತ್ತಿದ್ದುವು. ಅದೇ ಅಚ್ಚು ಮೇಲಕ್ಕೋ ಕೆಳಕ್ಕೋ ಸರಿದಿದ್ದರೆ ಗೆರೆಗಳು ಶಂಖದ ಅಂಚಿನಂತೆ ಬಳುಕುತ್ತಿದ್ದುವು. ನಾಲ್ಕು ಹೆಡ್ಡುಗಳಲ್ಲಿ ಒಂದಕ್ಕೆ ಟೇಪಿನ ಪುಡಿ ಮೆತ್ತಿದರೆ ಪ್ರತಿ ನಾಲ್ಕನೆಯ ಪಟ್ಟಿ ಮಾತ್ರ ಕೆಡುವುದು. ಒಂದೊಂದು ಹೆಡ್ಡು ಒಂದು ಸಲಕ್ಕೆ ಬರೆಯುವುದು ಚಿತ್ರದ ಹದಿನಾರು ಗೆರೆಗಳನ್ನಾದುದರಿಂದ ಕೆಟ್ಟ ಪಟ್ಟಿಯ ಅಗಲವೂ ಅಷ್ಟೇ. ಅನುಭವಿಯಾದ ಕೆಲಸಗಾರನು ಯಂತ್ರದ ಮುಚ್ಚಳವನ್ನು ತೆರೆಯುವ ಮೊದಲೇ, ವೈದ್ಯನು ನಾಡಿಯನ್ನು ನೋಡುವಂತೆ ಪರದೆಯನ್ನು ನೋಡಿ, ದೋಷವು ಒತ್ತಿನದೋ ಎತ್ತರದ್ದೋ ಹೆಡ್ಡಿನದೋ ಎಂದು ಹೇಳುತ್ತಿದ್ದನು. ರೋಗದ ರೂಪದಲ್ಲಿಯೇ ಕಾರಣದ ಆಕಾರವು ಅಚ್ಚೊತ್ತಿರುವುದು ಈ ಯಂತ್ರದ ವಿಶೇಷ.

ಟೇಪಿನ ಮೇಲಿನ ಲೇಪವು ಅಲ್ಲಲ್ಲಿ ಉದುರಿದ್ದರೆ ಚಿತ್ರದಲ್ಲಿ ಬಿಳಿಯ ಗೀಟುಗಳು ಮಿಂಚುತ್ತವೆ. ಹುಳು ತಿಂದ ಓಲೆಯ ತ್ರುಟಿಯೇ ಇದು. ಇದಕ್ಕೆ ಯಂತ್ರಕಾರರು ಮಾಡಿದ ಪರಿಹಾರವು ಬಹಳ ಸ್ವಾರಸ್ಯವಾಗಿದೆ. ಚಿತ್ರದ ಒಂದೊಂದು ಗೆರೆಯನ್ನೂ ಅದು ಮುಗಿಯುವಷ್ಟು ಕಾಲ (ನಮ್ಮ ದೇಶದ ೬೨೫ ಗೆರೆಗಳ ಪದ್ಧತಿಯಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನಂತೆ ೬೪ ಪಾಲು) ತಡೆದಿಟ್ಟುಕೊಂಡು, ಮುಂದಿನ ಗೆರೆಯಲ್ಲಿ ತ್ರುಟಿ ಕಂಡೊಡನೆ ಹಿಂದಿನ ಗೆರೆಯ ಅದೇ ಭಾಗವನ್ನು ಅಲ್ಲಿ ತುಂಬುವರು. ಲಿಪಿಕಾರರು ಕಣ್ತಪ್ಪಿನಿಂದ ಮೇಲಿನ ಸಾಲನ್ನೇ ಮತ್ತೆ ಬರೆದರೆ ಅದನ್ನು ನಾವು ಪ್ರಮಾದವೆನ್ನುತ್ತೇವೆ. ಇಲ್ಲಿ ಅದೇ ಪ್ರಮಾದವು ಚಿಕಿತ್ಸೆಯಾಯಿತು. ಆದರೆ ಸಂಶೋಧಕನು ಎಚ್ಚರದಿಂದಿರಬೇಕು. ಹೀಗೆ ತುಂಬಿದ ಭಾಗವು ನೋಡುವುದಕ್ಕೆ ಮೂಲದಂತೆಯೇ ಇರುವುದಲ್ಲದೆ ಎಲ್ಲಿ ತುಂಬಿದೆಯೆಂಬ ಗುರುತೂ ಇರುವುದಿಲ್ಲ. ಪರಿಷ್ಕರಣದಲ್ಲಿ ಊಹಿತಪಾಠವನ್ನು ಕಂಸದಲ್ಲಿಡುವ ಮರ್ಯಾದೆಯನ್ನು ಯಂತ್ರವು ಅರಿಯದು.

ಸಂಕಲನದ ಚರಿತ್ರೆ ಇನ್ನೂ ಕಷ್ಟದ್ದು. ಚಲಚ್ಚಿತ್ರದ ಫಿಲ್ಮನ್ನು ಬೆಳಕಿಗೆ ಹಿಡಿದರೆ ಚಿತ್ರವು ಕಾಣುತ್ತದೆ. ಎಲ್ಲಿ ಕತ್ತರಿಸಬೇಕೆಂಬುದು ತಿಳಿಯುತ್ತದೆ. ಟೇಪಿನಲ್ಲಿ ಕಂದುಬಣ್ಣವೊಂದರ ಹೊರತು ಏನೂ ಕಾಣದು. ಕಾಣದ ಬರಹವನ್ನು ಕತ್ತರಿಸುವುದೆಂತು? ಕಬ್ಬಿಣದ ನುಣ್ಣನೆಯ ಪುಡಿಯನ್ನು ಬೇಗ ಆರುವ ದ್ರವದಲ್ಲಿ ಬೆರೆಸಿ ಟೇಪಿನ ಅಂಚಿಗೆ ಹಚ್ಚುತ್ತಿದ್ದರು. ಆಗ ಅಯಸ್ಕಾಂತದ ಗುರುತುಗಳಿದ್ದಲ್ಲಿ ಪುಡಿಯು ನಿಂತು ಸಣ್ಣ ಸಣ್ಣ ಗೆರೆಗಳು ಮೂಡುತ್ತಿದ್ದುವು. ಅವುಗಳಲ್ಲಿ ಒಂದೊಂದು ಚಿತ್ರದ ಆರಂಭವನ್ನು ಸೂಚಿಸುವ ಗುರುತನ್ನು ಸೂಕ್ಷ್ಮದರ್ಶಕದಿಂದ ನೋಡಿ, ಕ್ಷೌರದ ಅಲಗಿನಂತಹ ಕತ್ತಿಯಿಂದ ಕತ್ತರಿಸಿ, ಹಿಂಬದಿಗೆ ತೆಳುವಾದ ಪಟ್ಟಿಯನ್ನು ಅಂಟಿಸುತ್ತಿದ್ದರು. ಸವೆದ ಶಾಸನದ ಮೇಲೆ ಸೀಮೆಸುಣ್ಣವನ್ನೋ ಹಿಟ್ಟನ್ನೋ ಉಜ್ಜಿ ಅಕ್ಷರಗಳನ್ನು ಎಬ್ಬಿಸಿಕೊಳ್ಳುವುದನ್ನು ಕಂಡವರಿಗೆ ಈ ಕೆಲಸವು ಅಪರಿಚಿತವೆನಿಸದು. ಕತ್ತರಿಯು ಎರಡು ಚಿತ್ರಗಳ ಸಂಧಿಯಲ್ಲಿ ಬೀಳದಿದ್ದರೆ ಪ್ರಸಾರದಲ್ಲಿ ಚಿತ್ರವು ಉರುಳಿಹೋಗುವುದು. ಇದಲ್ಲದೆ ಶಬ್ದದ ಹೆಡ್ಡು ಚಿತ್ರದ ಹೆಡ್ಡಿನಿಂದ ಒಂಬತ್ತು ಅಂಗುಲದಷ್ಟು ದೂರದಲ್ಲಿತ್ತು. ಆದುದರಿಂದ ಚಿತ್ರವನ್ನು ಕತ್ತರಿಸಿದ ಸ್ಥಳದಲ್ಲಿ ಶಬ್ದವು ಸೆಕೆಂಡಿನಲ್ಲಿ ಆರುಹತ್ತಾಂಶದಷ್ಟು ಹಿಂದುಮುಂದಾಗಿರುತ್ತಿತ್ತು. ಪದಚ್ಛೇದ ಒಂದು ಕಡೆ, ಅರ್ಥಚ್ಛೇದ ಮತ್ತೊಂದು ಕಡೆ! ಇಷ್ಟೆಲ್ಲ ತೊಡಕಿದ್ದರೂ ೧೯೬೮ರಲ್ಲಿ ಅಮೆರಿಕದ ‘ಲಾಫ್-ಇನ್’ ಎಂಬ ಹಾಸ್ಯಕಾರ್ಯಕ್ರಮವನ್ನು ಆರ್ಥರ್ ಷ್ನೈಡರ್ ಎಂಬ ಸಂಕಲನಕಾರನು ನೂರಾರು ತುಂಡುಗಳನ್ನು ಕೈಯಿಂದಲೇ ಜೋಡಿಸಿ ಸಿದ್ಧಪಡಿಸಿದನು. ಕತ್ತರಿಸಿದ ಟೇಪನ್ನು ಮತ್ತೆ ಬಳಸುವಂತಿರಲಿಲ್ಲ. ತಪ್ಪಾದರೆ ತಿದ್ದುವಂತೆಯೂ ಇರಲಿಲ್ಲ.

ಕತ್ತರಿಸದೆಯೇ ನಕಲು ಮಾಡುತ್ತ ಸಂಕಲಿಸುವ ‘ಎಡಿಟೆಕ್’ ಎಂಬ ಉಪಕರಣವನ್ನು ಆಂಪೆಕ್ಸಿನವರು ೧೯೬೩ರಲ್ಲಿ ಹೊರತಂದರು. ಆದರೆ ಟೇಪಿನ ಯಾವ ಸ್ಥಳದಲ್ಲಿ ಏನಿದೆಯೆಂದು ಹೇಳುವ ಅಂಕಗಳಿರಲಿಲ್ಲ. ಪತ್ರಾಂಕವಿಲ್ಲದ ಓಲೆಯ ಕಟ್ಟಿನ ಹಾಗೆ. ೧೯೬೭ರಲ್ಲಿ ಈಕೋ ಎಂಬ ಸಂಸ್ಥೆಯು ಗಂಟೆ, ನಿಮಿಷ, ಸೆಕೆಂಡು, ಚಿತ್ರ ಎಂಬ ಕ್ರಮದಲ್ಲಿ ಪ್ರತಿಯೊಂದು ಚಿತ್ರಕ್ಕೂ ಅಂಕವನ್ನು ಕೊಡುವ ಪದ್ಧತಿಯನ್ನು ತಂದಿತು. ಮುಂದೆ ಅದೇ ಬಗೆಯ ಒಂದು ಪದ್ಧತಿಯು ಎಲ್ಲರಿಗೂ ಸಮ್ಮತವಾಯಿತು. ಇದರಲ್ಲಿ ಒಂದು ಗಣಿತದ ಸ್ವಾರಸ್ಯವಿದೆ. ಅಮೆರಿಕದ ಬಣ್ಣದ ದೂರದರ್ಶನದಲ್ಲಿ ಸೆಕೆಂಡಿಗೆ ೩೦ ಚಿತ್ರಗಳಲ್ಲ, ೨೯.೯೭. ಅಂಕಗಳನ್ನಾದರೋ ೩೦ರ ಲೆಕ್ಕದಲ್ಲಿ ಹಾಕಿದುದರಿಂದ ಒಂದು ಗಂಟೆಯಲ್ಲಿ ೧೦೮ ಚಿತ್ರಗಳಷ್ಟು ತಪ್ಪು ಬಿತ್ತು. ಅಂದರೆ ಟೇಪಿನ ಗಡಿಯಾರವು ಗೋಡೆಯ ಗಡಿಯಾರಕ್ಕಿಂತ ಮೂರೂವರೆ ಸೆಕೆಂಡಿಗೂ ಹೆಚ್ಚಾಗಿ ಹಿಂದೆ ಬಿದ್ದಿತು. ಇದಕ್ಕೆ ಅವರು ಮಾಡಿದ ಉಪಾಯವೇನೆಂದರೆ, ಪ್ರತಿ ನಿಮಿಷದ ಮೊದಲಲ್ಲಿ ಎರಡು ಅಂಕಗಳನ್ನು ಬಿಟ್ಟು ಎಣಿಸುವುದು, ಹತ್ತನೆಯ ನಿಮಿಷಗಳಲ್ಲಿ ಮಾತ್ರ ಬಿಡದಿರುವುದು. ಗಂಟೆಗೆ ೫೪ ನಿಮಿಷಗಳಲ್ಲಿ ಎರಡೆರಡರಂತೆ ಬಿಟ್ಟರೆ ಸರಿಯಾಗಿ ೧೦೮. ಎಷ್ಟೋ ಮಂದಿ ಸಂಕಲನಕಾರರು ಇದರಿಂದ ಚಿತ್ರಗಳೇ ಕಳೆದುಹೋಗುತ್ತವೆಂದು ಗಾಬರಿಪಟ್ಟುದುಂಟು. ಪಂಚಾಂಗವನ್ನು ಬಲ್ಲವರು ಗಾಬರಿಪಡಲಾರರು. ತಿಥಿಕ್ಷಯವಾದಾಗ ಪಂಚಮಿಯ ಮಾರನೆಯ ದಿನ ಸಪ್ತಮಿ ಬರುತ್ತದೆ. ಷಷ್ಠಿಯ ಅಂಕವು ಹೋಯಿತೇ ಹೊರತು ಯಾವ ಸೂರ್ಯೋದಯವೂ ಕಳೆದುಹೋಗಲಿಲ್ಲ. ನಮ್ಮ ದೇಶದ ಪದ್ಧತಿಯಲ್ಲಿ ಸೆಕೆಂಡಿಗೆ ಸರಿಯಾಗಿ ೨೫ ಚಿತ್ರಗಳಿರುವುದರಿಂದ ನಮಗೆ ಈ ಕ್ಷಯದ ತೊಡಕಿಲ್ಲ. ಹೊರದೇಶದ ಟೇಪನ್ನು ಇಲ್ಲಿ ಸಂಕಲಿಸುವಾಗ ಶಬ್ದವು ಬಾಯಿಯ ಚಲನೆಗೆ ಹೊಂದದಿದ್ದರೆ ಮೊದಲು ಸಂಶಯಿಸಬೇಕಾದ ವಿಷಯಗಳಲ್ಲಿ ಈ ಎಣಿಕೆಯ ಭೇದವೂ ಒಂದು.

ಗಣಕಯಂತ್ರದಿಂದ ಸಂಕಲಿಸುವ ಸಿ.ಎಮ್.ಎಕ್ಸ್. ೬೦೦ ಎಂಬುದು ೧೯೭೧ರಲ್ಲಿಯೂ, ಆವಿಡ್ ಎಂಬುದು ೧೯೮೯ರಲ್ಲಿಯೂ ಬಂದುವು. ಅವುಗಳ ಚರಿತ್ರೆಯನ್ನು ಬಲ್ಲವರು ಬೇರೆ ಬರೆಯಬೇಕು, ಇಲ್ಲಿ ವಿಸ್ತರಿಸುವುದಿಲ್ಲ.

ಈಗ ಕ್ಯಾಮೆರಾದ ವಿಷಯ. ಹಿಂದಿನ ಕ್ಯಾಮೆರಾಗಳ ಕಣ್ಣು ಒಂದು ಗಾಜಿನ ಕೊಳವೆ. ಇಮೇಜ್ ಆರ್ಥಿಕಾನ್ ಎಂಬ ಕೊಳವೆಯನ್ನು ಒಂದೇ ಪ್ರಕಾಶಮಾನವಾದ ದೃಶ್ಯದ ಮೇಲೆ ಬಹಳ ಹೊತ್ತು ನಿಲ್ಲಿಸಿದರೆ ಆ ದೃಶ್ಯದ ಛಾಯೆಯು ಅದರಲ್ಲಿ ಅಂಟಿಕೊಂಡು ಮುಂದಿನ ದೃಶ್ಯಗಳ ಮೇಲೆಲ್ಲ ಪ್ರೇತದಂತೆ ಕಾಣುತ್ತಿತ್ತು. ಆದುದರಿಂದ ನಿಶ್ಚಲವಾದ ವಸ್ತುವನ್ನು ತೋರಿಸುವಾಗಲೂ ಕ್ಯಾಮೆರಾವನ್ನು ಮೆಲ್ಲಗೆ ಆಡಿಸುತ್ತಿರುವ ಅಭ್ಯಾಸವು ಬಂದಿತು. ೧೯೫೦ರಲ್ಲಿ ಬಂದ ವಿಡಿಕಾನ್ ಕೊಳವೆಯು ಅಗ್ಗವಾದುದು, ಚಿಕ್ಕದು. ಆದರೆ ಮಂದಪ್ರಕಾಶದಲ್ಲಿ ಚಲಿಸುವ ವಸ್ತುವಿನ ಹಿಂದೆ ಬಾಲವೆಳೆಯುತ್ತಿತ್ತು. ಸೀಸದ ಭಸ್ಮವನ್ನು ಬಳಸಿದ ಪ್ಲಂಬಿಕಾನ್ ಕೊಳವೆಯು ೧೯೬೦ರ ದಶಕದಲ್ಲಿ ಬಂದು ಈ ಬಾಲವನ್ನು ಬಹುಮಟ್ಟಿಗೆ ಕತ್ತರಿಸಿತು. ಇವೆಲ್ಲಕ್ಕೂ ಸಾಮಾನ್ಯವಾದ ಒಂದು ನಿಷೇಧವಿತ್ತು: ಸೂರ್ಯನನ್ನು ನೋಡಬಾರದು.

ಈ ನಿಷೇಧವನ್ನು ಮೀರಿದುದರ ಫಲವು ಲೋಕಪ್ರಸಿದ್ಧವಾಗಿದೆ. ೧೯೬೯ರ ನವೆಂಬರ್ ೧೯ರಂದು ಅಪೋಲೋ ೧೨ರಲ್ಲಿ ಚಂದ್ರನ ಮೇಲಿಳಿದ ಅಲನ್ ಬೀನ್ ಎಂಬಾತನು ಬಣ್ಣದ ಕ್ಯಾಮೆರಾವನ್ನು ಮುಕ್ಕಾಲಿಗೆ ಸಾಗಿಸುವಾಗ ಅದು ಸೂರ್ಯನ ಕಡೆಗೆ ತಿರುಗಿತು. ಭೂಮಿಯಲ್ಲಿ ನೋಡುತ್ತಿದ್ದವರಿಗೆ ಪರದೆಯ ಒಂದು ಭಾಗವು ಬೆಳ್ಳಗೆ, ಉಳಿದುದು ಕಪ್ಪಗೆ ಕಂಡಿತು. ಹೂಸ್ಟನ್ನಿನವರು ಹೇಳಿದಂತೆ ಆತನು ಒಂದೊಂದು ಗುಂಡಿಯನ್ನೂ ತಿರುಗಿಸಿ ನೋಡಿದನು; ಕೊನೆಗೆ ಸುತ್ತಿಗೆಯಿಂದ ಕ್ಯಾಮೆರಾವನ್ನು ತಟ್ಟಿದನು. ಹಳ್ಳಿಯ ಮನೆಗಳಲ್ಲಿ ಟಿ.ವಿ. ಪೆಟ್ಟಿಗೆಯ ತಲೆಯ ಮೇಲೆ ಗುದ್ದುವುದನ್ನು ಹಾಸ್ಯಮಾಡುವವರು ಇದನ್ನು ನೆನೆಯಬೇಕು. ಗುದ್ದಿನಿಂದ ಅಲ್ಲಿ ಪ್ರಯೋಜನವಾಗಲಿಲ್ಲ. ಆ ಯಾತ್ರೆಯ ಚಂದ್ರವಿಹಾರವನ್ನು ಲೋಕವು ಮುಂದೆ ನೋಡಲಿಲ್ಲ. ಆದರೆ ಕಥೆಯ ಉತ್ತರಭಾಗವು ನಮ್ಮ ವಿಚಾರಕ್ಕೆ ಹೆಚ್ಚು ಮುಖ್ಯವಾದುದು. ಹಿಂದಕ್ಕೆ ತಂದ ಕ್ಯಾಮೆರಾವನ್ನು ಪರೀಕ್ಷಿಸಿದಾಗ, ಸುಟ್ಟುದು ಕೊಳವೆಯ ಒಂದು ಭಾಗ ಮಾತ್ರವೆಂದೂ, ಬೆಳಕಿನ ಪ್ರಮಾಣವನ್ನು ತಾನಾಗಿ ಹೊಂದಿಸುವ ಅಂಗವನ್ನು ಕಳಚಿದರೆ ಉಳಿದ ಭಾಗದಲ್ಲಿ ಚಿತ್ರವು ಚೆನ್ನಾಗಿ ಬರುವುದೆಂದೂ ಕಂಡುಬಂದಿತು. ಸುಟ್ಟ ಭಾಗವು ಸದಾ ಬೆಳ್ಳಗಿದ್ದುದರಿಂದ ಆ ಅಂಗವು ದೃಶ್ಯದಲ್ಲಿ ಅತಿಯಾದ ಬೆಳಕಿದೆಯೆಂದು ಭ್ರಮಿಸಿ ಉಳಿದುದನ್ನೆಲ್ಲ ಕತ್ತಲೆ ಮಾಡುತ್ತಿತ್ತು. ದೋಷಗಳು ಎರಡು, ಒಂದು ಸತ್ಯವಾದುದು, ಮತ್ತೊಂದು ಆ ಸತ್ಯದೋಷದಿಂದ ಮೋಸಹೋದ ನಿರ್ದೋಷಿಯಾದ ಅಂಗದ ವ್ಯಾಪಾರ. ಎರಡೂ ಸೇರಿ ಒಂದೇ ದೋಷದಂತೆ ಕಂಡುವು.

ಇಲ್ಲಿ ತರ್ಕಶಾಸ್ತ್ರವು ಉಪಯೋಗಕ್ಕೆ ಬರುತ್ತದೆ. ಕ್ಯಾಸೆಟ್ಟನ್ನು ಹಾಕಿದಾಗ ಪರದೆಯ ತುಂಬ ಬಿಳಿಕರಿಯ ಚುಕ್ಕೆಗಳು ಸುರಿಯುತ್ತವೆಯೆಂದಿಟ್ಟುಕೊಳ್ಳೋಣ. ‘ಹೆಡ್ಡಿಗೆ ಕೊಳೆ ಹಿಡಿದಿದೆ, ಚುಕ್ಕೆಗಳು ಕಾಣುವುದರಿಂದ’ ಎಂದು ಅಂಗಡಿಯವರು ಅನುಮಾನ ಮಾಡುವರು. ಈ ಹೇತುವು ಸವ್ಯಭಿಚಾರ. ಖಾಲಿ ಟೇಪಿನಲ್ಲಿಯೂ ಚುಕ್ಕೆಗಳೇ ಕಾಣುವುವು, ಹೆಡ್ಡಿನ ತಂತಿ ಕಡಿದಾಗಲೂ ಚುಕ್ಕೆಗಳೇ. ಬೆಂಕಿಯಿದ್ದಲ್ಲೆಲ್ಲ ಹೊಗೆಯೆಂಬ ಅನುಮಾನಕ್ಕೆ ಹಸಿಯ ಸೌದೆಯ ಸಂಯೋಗವು ಉಪಾಧಿಯಾದಂತೆ, ಈ ಅನುಮಾನಕ್ಕೆ ಟೇಪಿನಲ್ಲಿ ಬರಹವಿರುವಿಕೆಯು ಉಪಾಧಿ. ಅದನ್ನು ಕಳೆಯುವ ಬಗೆ ಯಾವುದು? ಚೆನ್ನಾಗಿದೆಯೆಂದು ತಿಳಿದ ಟೇಪನ್ನು ಈ ಯಂತ್ರದಲ್ಲಿ ಹಾಕುವುದು. ಈ ಟೇಪನ್ನು ಚೆನ್ನಾಗಿದೆಯೆಂದು ತಿಳಿದ ಯಂತ್ರದಲ್ಲಿ ಹಾಕುವುದು. ಇದು ಅನ್ವಯವ್ಯತಿರೇಕವೇ ಹೊರತು ಬೇರೆಯಲ್ಲ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕೆಂಬ ನಿಯಮವನ್ನು ಎಲ್ಲ ದೇಶಗಳ ಯಂತ್ರಜ್ಞರೂ ಹೇಳುತ್ತಾರೆ; ಎರಡನ್ನು ಒಟ್ಟಿಗೆ ಬದಲಿಸಿ ರೋಗ ಹೋದರೆ ಔಷಧ ಯಾವುದೆಂದು ತಿಳಿಯುವುದಿಲ್ಲವಷ್ಟೆ. ಇನ್ನು ‘ಚೆನ್ನಾಗಿದೆಯೆಂದು ತಿಳಿದ’ ಟೇಪು ಚೆನ್ನಾಗಿದೆಯೆಂಬುದಕ್ಕೆ ಪ್ರಮಾಣವೇನು? ಯಂತ್ರಗಳನ್ನು ಮಾಡುವವರು ಪ್ರಮಾಣಭೂತವಾದ ಟೇಪುಗಳನ್ನು ತಯಾರಿಸಿ ಕೊಡುತ್ತಿದ್ದರು. ಅವುಗಳನ್ನು ಬರೆದ ಯಂತ್ರವನ್ನು ಯಾವುದರಿಂದ ಅಳೆದರು ಎಂದು ಕೇಳಿದರೆ ಅನವಸ್ಥೆ ಬರುವುದು. ಪರತಃಪ್ರಾಮಾಣ್ಯವಾದಿಗಳ ಮೇಲೆ ಮೀಮಾಂಸಕರು ಹೊರಿಸುವ ದೋಷವೇ ಇದು. ಯಂತ್ರಜ್ಞರು ಅದನ್ನು ಲೆಕ್ಕಿಸದೆ ಕೆಲಸವನ್ನು ನಡೆಸಿದರು.

ಇದೇ ಪ್ರಸಂಗದಲ್ಲಿ ಒಂದು ಮಾತು. ೧೯೯೫ರಲ್ಲಿ ಬಂದ ಡಿ.ವಿ. ಎಂಬ ಅಂಕಮಯವಾದ ಟೇಪಿನಲ್ಲಿ ರೀಡ್ ಮತ್ತು ಸಾಲಮನ್ ಎಂಬವರು ೧೯೬೦ರಲ್ಲಿ ಕಂಡುಹಿಡಿದ ದೋಷಶೋಧಕಗಣಿತವನ್ನು ಬಳಸಿದ್ದಾರೆ. ಮೂಲದೊಡನೆ ಅಧಿಕವಾದ ಅಂಕಗಳನ್ನು ಬರೆದಿಟ್ಟು ಕೆಟ್ಟ ಭಾಗವನ್ನು ಅವುಗಳಿಂದ ಮತ್ತೆ ಕಟ್ಟುವುದು ಅದರ ಕ್ರಮ. ವೇದದ ಜಟಾಘನಾದಿ ಪಾಠಗಳೂ ಇದೇ ಎಂದು ಈಚೆಗೆ ಕೆಲವರು ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇವೆ. ಪುನರುಕ್ತಿಯಿಂದ ಪಾಠವನ್ನು ರಕ್ಷಿಸುವ ಉದ್ದೇಶದಲ್ಲಿ ಸಾಮ್ಯವಿದೆಯೆಂಬುದು ನಿಜ. ಅದಕ್ಕಿಂತ ಹೆಚ್ಚಿನದನ್ನು ಹೇಳುವುದು ಪೂರ್ವಿಕರಿಗೂ ಗೌರವವಲ್ಲ, ಗಣಿತಜ್ಞರಿಗೂ ಗೌರವವಲ್ಲ. ಅಂಕಮಯವಾದ ಟೇಪಿನ ಒಂದು ಕೆಟ್ಟ ಗುಣವನ್ನು ಮಾತ್ರ ಸಂಶೋಧಕರು ತಿಳಿದಿರಬೇಕು: ಹಳೆಯ ಟೇಪು ಮೆಲ್ಲಮೆಲ್ಲನೆ ಮಸುಕಾಗಿ ಎಚ್ಚರಿಸುತ್ತಿತ್ತು, ಇದು ಕೊನೆಯವರೆಗೂ ಚೆನ್ನಾಗಿರುವಂತೆ ತೋರಿ, ಶೋಧಕಗಣಿತದ ಶಕ್ತಿ ಮುಗಿದೊಡನೆ ಚೌಕ ಚೌಕವಾಗಿ ಒಡೆದುಹೋಗುವುದು.

ಯಂತ್ರದ ದೋಷದಿಂದ ನಾಶವಾದುದಕ್ಕಿಂತ ಮನುಷ್ಯರ ಕೈಯಿಂದ ನಾಶವಾದುದು ಕಡಿಮೆಯಲ್ಲ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಅದರ ಮೇಲಿನ ಬರಹವನ್ನು ಅಳಿಸಿ ಮತ್ತೆ ಬರೆಯುವುದು ಎಲ್ಲ ಕಡೆಯ ವಾಡಿಕೆಯಾಗಿತ್ತು. ೧೯೬೯ರ ಜುಲೈನಲ್ಲಿ ಮನುಷ್ಯನು ಚಂದ್ರನ ಮೇಲಿಳಿದ ರಾತ್ರಿ ಬಿ.ಬಿ.ಸಿ.ಯವರು ತಮ್ಮ ಸ್ಟುಡಿಯೋದಿಂದ ಮಾಡಿದ ಪ್ರಸಾರವು ಉಳಿದಿಲ್ಲ. ಚಂದ್ರನಿಂದ ಬಂದ ಮೂಲಚಿತ್ರವನ್ನು ಹೊತ್ತ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿರಬೇಕೆಂದು ೨೦೦೯ರಲ್ಲಿ ನಾಸಾ ಸಂಸ್ಥೆಯವರೇ ಒಪ್ಪಿಕೊಂಡರು. ಈಗ ನಾವು ನೋಡುವುದು ಪ್ರಸಾರದ ಪ್ರತಿಗಳಿಂದ ಶೋಧಿಸಿದ ಚಿತ್ರ. ಕನ್ನಡನಾಡಿನವರು ಇದಕ್ಕೆ ಆಶ್ಚರ್ಯಪಡಬೇಕಾಗಿಲ್ಲ. ಹುಣಿಸೆಯ ಬೀಜದ ಸರಿಯನ್ನೂ ಇದ್ದಲನ್ನೂ ಬಳಿದ ಬಟ್ಟೆಯ ಕಡತಗಳಲ್ಲಿ ಬಳಪದಿಂದ ಲೆಕ್ಕಪತ್ರಗಳನ್ನು ಬರೆದು, ಬೇಡವಾದುದನ್ನು ಒರಸಿ, ಮತ್ತ ಕಪ್ಪು ಬಳಿದು ಬರೆಯುತ್ತಿದ್ದವರು ನಮ್ಮವರೇ. ನಮ್ಮ ನಾಡಿನ ಎಷ್ಟು ಲೆಕ್ಕಗಳು ಹೀಗೆ ಒರಸಿಹೋದುವೋ!

೧೯೭೫ರ ಆಗಸ್ಟಿನಿಂದ ಒಂದು ವರ್ಷಕಾಲ ಎ.ಟಿ.ಎಸ್.-೬ ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ದೂರದರ್ಶನವನ್ನು ತೋರಿಸಿದರು. ಅವುಗಳಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದುವು. ಅವರಿಗೆ ಬೇಕಾದ ಕನ್ನಡ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದುವು. ಕನ್ನಡದ ಹಳ್ಳಿಗರನ್ನು ಉದ್ದೇಶಿಸಿ ಮಾಡಿದ ಮೊದಮೊದಲ ಕಾರ್ಯಕ್ರಮಗಳಾದುದರಿಂದ, ಅಂತಹ ಟೇಪು ಯಾರ ಕೈಗೆ ಸಿಕ್ಕಿದರೂ ಶಾಸನವು ಸಿಕ್ಕಿದಂತೆಯೇ ಭಾವಿಸಬೇಕು.

ಕಾಲವೂ ಹೆಚ್ಚಾಗಿ ಉಳಿದಿಲ್ಲ. ವಿ.ಎಚ್.ಎಸ್. ಪದ್ಧತಿಯು ೧೯೭೬ರಲ್ಲಿ ಜಪಾನಿನಲ್ಲಿ ಹುಟ್ಟಿತು. ೨೦೧೬ರ ಜುಲೈನಲ್ಲಿ ಫುನಾಯ್ ಎಂಬ ಜಪಾನೀ ಸಂಸ್ಥೆಯು ಅದರ ಯಂತ್ರಗಳನ್ನು ಮಾಡುವುದನ್ನು ನಿಲ್ಲಿಸಿತು. ಆಸ್ಟ್ರೇಲಿಯದ ರಾಷ್ಟ್ರೀಯ ಚಿತ್ರಶಬ್ದಭಂಡಾರದವರು ೨೦೨೫ನ್ನೇ ಗಡುವೆಂದು ೨೦೧೫ರಲ್ಲಿ ಎಚ್ಚರಿಸಿದರು. ೨೦೧೯ರಲ್ಲಿ ಯುನೆಸ್ಕೋದವರೂ ಅದೇ ಎಚ್ಚರಿಕೆಯನ್ನು ಲೋಕಕ್ಕೆಲ್ಲ ಸಾರಿದರು. ಆ ಗಡುವು ಈಗ ಕಳೆದಿದೆ. ಟೇಪು ಇದ್ದರೂ ಹೆಡ್ಡುಗಳಿಲ್ಲ, ಹೆಡ್ಡುಗಳಿದ್ದರೂ ರಬ್ಬರಿನ ಉರುಳೆಗಳಿಲ್ಲ, ಎಲ್ಲವೂ ಇದ್ದರೂ ಅವುಗಳನ್ನು ಹೊಂದಿಸಬಲ್ಲ ಕೈಗಳು ವೃದ್ಧರವು.

ನಮ್ಮ ಗುರುಗಳ ಮೂರು ಕ್ಯಾಸೆಟ್ಟುಗಳಿಗೆ ಮೂರು ಬಗೆಯ ದೋಷಗಳಿದ್ದುವು. ಮೊದಲನೆಯದಕ್ಕೆ ಬೂಷ್ಟು ಹಿಡಿದಿತ್ತು. ಮಳೆಗಾಲದ ತೇವದಲ್ಲಿ ಅಟ್ಟದ ಮೇಲಿಟ್ಟವರು ನಾವೇ. ಅದನ್ನು ನಗರದ ಒಂದು ದೊಡ್ಡ ಅಂಗಡಿಗೆ ಕೊಟ್ಟಾಗ ಬೂಷ್ಟನ್ನು ಒರಸದೆಯೇ ಯಂತ್ರಕ್ಕೆ ಹಾಕಿ ಎರಡು ಮೊಳದಷ್ಟು ಟೇಪನ್ನು ಸುಕ್ಕುಮಾಡಿ ಹಿಂದಿರುಗಿಸಿದರು. ಹಣವನ್ನು ಮಾತ್ರ ಪೂರ್ತಿಯಾಗಿ ತೆಗೆದುಕೊಂಡರು. ಆಮೇಲೆ ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಹಿಂದಿನ ಓಣಿಯಲ್ಲಿ ಹಳೆಯ ರಿಪೇರಿಯವರೊಬ್ಬರಿದ್ದಾರೆಂದು ತಿಳಿದು ಅವರಲ್ಲಿಗೆ ಹೋದೆವು. ಅವರು ಟೇಪನ್ನು ಅಂಗುಲ ಅಂಗುಲವಾಗಿ ಬಟ್ಟೆಯಿಂದ ಒರಸಿ ಸುತ್ತಿದರು. ಹೆಡ್ಡನ್ನು ಸ್ಪಿರಿಟಿನಲ್ಲಿ ನೆನೆಸಿದ ಮೆತ್ತನೆಯ ಚರ್ಮದಿಂದ ಅಡ್ಡಲಾಗಿ ಮಾತ್ರ ಉಜ್ಜುತ್ತಿದ್ದರು. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡಿನ ಚೂರು ಮುರಿದುಹೋಗುವುದಂತೆ. ಸುಕ್ಕಾದಷ್ಟು ಭಾಗದ ಹೊರತು ಮೊದಲನೆಯ ಕ್ಯಾಸೆಟ್ಟು ಬಂದಿತು. ಎರಡನೆಯದರಲ್ಲಿ ನಡುವೆ ಇಪ್ಪತ್ತು ನಿಮಿಷ ಒಂದು ಕ್ರಿಕೆಟ್ ಪಂದ್ಯವಿತ್ತು. ಅಳಿಸಬಾರದ ಕ್ಯಾಸೆಟ್ಟಿನ ಬೆನ್ನಿನ ಮೇಲಿರುವ ಪ್ಲಾಸ್ಟಿಕ್ಕಿನ ಚಿಕ್ಕ ತುಂಡನ್ನು ಮುರಿದುಹಾಕಿದ್ದರೆ ಯಂತ್ರವೇ ಬರೆಯಲು ನಿರಾಕರಿಸುತ್ತಿತ್ತು. ನಾವು ಮುರಿದಿರಲಿಲ್ಲ. ಉಪಾಧಿಯ ಲಕ್ಷಣವನ್ನು ಗುರುಗಳು ಎರಡು ಬಗೆಯಾಗಿ ಪರಿಷ್ಕರಿಸುತ್ತಿದ್ದರು. ಅದರಲ್ಲಿ ಎರಡನೆಯದು ಆ ಇಪ್ಪತ್ತು ನಿಮಿಷಗಳಲ್ಲಿತ್ತು.

ಮೂರನೆಯ ಕ್ಯಾಸೆಟ್ಟಿನಲ್ಲಿ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು, ಚಿತ್ರದ ಮೇಲಣ ಭಾಗವೆಲ್ಲ ಚುಕ್ಕೆಗಳು. ಈ ಪದ್ಧತಿಯಲ್ಲಿ ಶಬ್ದವು ಟೇಪಿನ ಅಂಚಿನಲ್ಲಿ ನೇರವಾಗಿಯೂ, ಚಿತ್ರವು ಓರೆಗೆರೆಗಳಾಗಿಯೂ ಇರುವುದರಿಂದ ಹೀಗಾಗುವುದು. ಮಾತು ಸಾಲದೇ ಎಂದು ಕೇಳಬಹುದು. ಗುರುಗಳು ಅವಚ್ಛೇದಕಗಳ ಸಂಬಂಧವನ್ನು ಹೇಳುವಾಗ ಹಲಗೆಯ ಮೇಲೆ ಗೆರೆಗಳನ್ನೆಳೆದು, ‘ಇದು ಇದರಲ್ಲಿದೆ, ಇದು ಅದರಿಂದ ಅವಚ್ಛಿನ್ನ’ ಎಂದು ಬೆರಳಿನಿಂದ ತೋರಿಸುತ್ತಿದ್ದರು. ಹಲಗೆಯು ಚಿತ್ರದ ಮೇಲಣ ಭಾಗದಲ್ಲಿತ್ತು. ಚಿತ್ರವಿಲ್ಲದೆ ಆ ‘ಇದು’ ‘ಅದು’ಗಳಿಗೆ ಅರ್ಥವೇ ಇಲ್ಲ. ಟ್ರ್ಯಾಕಿಂಗಿನ ಗುಂಡಿಯನ್ನು ಎಷ್ಟು ತಿರುಗಿಸಿದರೂ ಚುಕ್ಕೆಗಳು ಸರಿಯಲಿಲ್ಲ. ಬೇರೆ ಯಂತ್ರದಲ್ಲಿಯೂ ಅಷ್ಟೇ. ಬೇರೆ ಟೇಪುಗಳಾದರೋ ಎರಡರಲ್ಲಿಯೂ ಚೆನ್ನಾಗಿ ಬರುತ್ತಿದ್ದುವು. ರಿಪೇರಿಯವರು ಕನ್ನಡಕವನ್ನು ಹಣೆಗೇರಿಸಿ, “ಶಾಸ್ತ್ರಿಗಳೇ, ಟೇಪು ಕೆಟ್ಟಿಲ್ಲ, ನನ್ನ ಮಷೀನೂ ಕೆಟ್ಟಿಲ್ಲ. ಬರೆದ ಕ್ಯಾಮೆರಾನೇ ಸೊಟ್ಟಗಿತ್ತು. ಇದನ್ನು ಓದಬೇಕಾದರೆ ನನ್ನ ಮಷೀನನ್ನೂ ಅಷ್ಟೇ ಸೊಟ್ಟಗೆ ಮಾಡಬೇಕು” ಎಂದರು. ಓರೆಗೆರೆಗಳು ಇಲ್ಲಿ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟು ಅಗಲದವು. ಟೇಪನ್ನು ಹೆಡ್ಡಿನ ಉರುಳೆಗೆ ಒಯ್ಯುವ ಗೈಡಿನ ಎತ್ತರವು ತುಸು ತಪ್ಪಿದ್ದರೂ ಗೆರೆಯ ಆರಂಭವು ಬೇರೆಡೆಗೆ ಬೀಳುವುದು. ಅವರು ಚೆನ್ನಾಗಿದ್ದ ಯಂತ್ರದ ಗೈಡಿನ ತಿರುಪನ್ನು, ಮೊದಲಿದ್ದ ಸ್ಥಾನಕ್ಕೆ ಬಣ್ಣದ ಚುಕ್ಕೆಯೊಂದನ್ನಿಟ್ಟು, ಮೆಲ್ಲನೆ ತಿರುಗಿಸಿದರು. ಚುಕ್ಕೆಗಳು ಮೇಲಕ್ಕೆ ಸರಿದು ಮಾಯವಾದುವು. ಹಲಗೆಯೂ, ಹಲಗೆಯ ಮೇಲಿನ ಬೆರಳೂ ಕಂಡುವು. ೧೯೫೬ರಲ್ಲಿ ಟೇಪಿನೊಡನೆ ಹೆಡ್ಡನ್ನು ಕಾಪಿಟ್ಟವರ ಸಂಗತಿಯನ್ನು ನಾವು ಓದಿದುದು ಇದಾದ ಮೇಲೆ.

ಮೂರು ಕ್ಯಾಸೆಟ್ಟುಗಳ ಪ್ರತಿಯನ್ನೂ ಗಣಕದಲ್ಲಿ ಎರಡು ಕಡೆ ಇರಿಸಿದೆ. ಮೂಲವನ್ನು ಎಸೆಯದೆ ಬಟ್ಟೆಯಲ್ಲಿ ಸುತ್ತಿ ಮುಕ್ತಾವಳಿಯ ಓಲೆಪ್ರತಿಯ ಪಕ್ಕದಲ್ಲಿಟ್ಟಿದ್ದೇವೆ. ಮೂರನೆಯದರ ಪೆಟ್ಟಿಗೆಯೊಳಗೆ ರಿಪೇರಿಯವರು ಪೆನ್ಸಿಲಿನಲ್ಲಿ ಬರೆದ ಚೀಟಿಯೊಂದಿದೆ: ‘ಎಡ ಗೈಡು, ಬಲಕ್ಕೆ ಅರೆಪಾಲು ಸುತ್ತು. ಕೆಲಸ ಆದಮೇಲೆ ಚುಕ್ಕೆಗೆ ವಾಪಸು ಇಟ್ಟಿದೆ.’